ಹನ್ನೊಂದನೇ ನಂಬರು ಮತ್ತು ನಟರಾಜ ಸರ್ವೀಸು

ಬಿಟಿಎಸ್ ಎಂದರೆ ‘ಬಿಟ್ರೆ ತಿರ್ಗಾ ಸಿಗೊಲ್ಲ’. ನಮ್ಮ ಕಡೆ ಈ ತಮಾಷೆ ಹೇಳದೆ ದೊಡ್ಡವರಾದ ಮಕ್ಕಳಿಲ್ಲ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್ ಎಂಬ ಆ ಹೆಸರು ಬಸ್ಸುಗಳ ಮೈಮೇಲಿಂದ ಅಳಿಸಿಹೋಗಿ ಕಾಲು ಶತಮಾನ ದಾಟಿತು. ಬಸವನಗುಡಿ, ಚಾಮರಾಜಪೇಟೆಯ ಹಿರಿಯರು ಮಾತ್ರ ಇವತ್ತಿಗೂ ‘ಬಿಟಿಎಸ್ಸಲ್ಲಿ ಬಂದ್ವಿ’ ಅಂತಲೇ ಹೇಳುತ್ತಾರೆ. ಬಿಎಂಟಿಸಿ ಅನ್ನುವುದು ಅವರಿಗೆ ಪೇಪರಿನಲ್ಲಿ ಓದುವ ಹೆಸರು.

ಮೊನ್ನೆ ಮಲ್ಲೇಶ್ವರದಲ್ಲಿ ಒಂದು ನಾಮಕರಣ. ಅಕ್ಕನೂ ನಾನೂ ಗಾಂಧಿ ಬಜಾರಿನಿಂದ ಒಂದೇ ಹೊತ್ತಿಗೆ ಹೊರಟೆವು. ದಾರಿ ಮಾತ್ರ ಬೇರೆ ಬೇರೆ. ಅವಳು ಮೆಜೆಸ್ಟಿಕ್ ಬಸ್ಸು ಹತ್ತಿ, ಅಲ್ಲಿಳಿದು ಮಲ್ಲೇಶ್ವರದ ಬಸ್ಸು ಹಿಡಿದಳು. ಎರಡೂ ಕಡೆ ಕಂಡಕ್ಟರು ಕೊಟ್ಟದ್ದು ಶೂನ್ಯ ಟಿಕೆಟ್ಟು. ನಾನು ನ್ಯಾಷನಲ್ ಕಾಲೇಜು ಮೆಟ್ರೊ ಸ್ಟೇಷನ್ನಿನವರೆಗೆ ನಟರಾಜ ಸರ್ವೀಸು, ಅಂದರೆ ಕಾಲ್ನಡಿಗೆ. ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷದ ಆಸುಪಾಸಿಗೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಇಳಿದು ಎಂಟನೇ ಕ್ರಾಸಿನವರೆಗೆ ಮತ್ತೆ ನಟರಾಜ ಸರ್ವೀಸು. ನಾನು ಕಾಲು ಗಂಟೆ ಮುಂಚೆ ಮುಟ್ಟಿದೆ, ಬೆವರಿ. ಅವಳು ತಣ್ಣಗೆ ಬಂದು ಕೂತು, ‘ನಿನ್ನ ಮೆಟ್ರೊ ದುಡ್ಡಲ್ಲಿ ಒಂದು ಮೊಳ ಮಲ್ಲಿಗೆ ಬರ್ತಿತ್ತು ಕಣೋ’ ಅಂದಳು.

ಊಟದ ಸಾಲಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ: ‘ಯಾಕೆ, ಹನ್ನೊಂದನೇ ನಂಬರು ಇರಲಿಲ್ಲವೆ?’

ಹನ್ನೊಂದನೇ ನಂಬರು ಎಂದರೆ ಎನ್.ಆರ್. ಕಾಲೊನಿ ಕಡೆಯಿಂದ ಹೊರಟು, ಪೇಟೆ ದಾಟಿ, ಮಲ್ಲೇಶ್ವರದ ಮೇಲೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ವಿಜ್ಞಾನ ಮಂದಿರದ ಕಡೆಗೆ ಹೋಗುತ್ತಿದ್ದ ಬಸ್ಸು. ದಕ್ಷಿಣದ ಅಗ್ರಹಾರವನ್ನೂ ಉತ್ತರದ ಅಗ್ರಹಾರವನ್ನೂ ಒಂದೇ ದಾರದಲ್ಲಿ ಪೋಣಿಸಿದ ರೂಟು ಅದು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದವರು, ವಿಜ್ಞಾನ ಮಂದಿರಕ್ಕೆ ಕೆಲಸಕ್ಕೆ ಹೋದವರು, ತವರಿಗೆ ಹೊರಟ ಬಾಣಂತಿಯರು ಎಲ್ಲರೂ ಅದರಲ್ಲೇ. ಒಮ್ಮೆ ಹತ್ತಿದರೆ ಒಮ್ಮೆ ಇಳಿಯುವುದು, ಟಿಕೆಟ್ಟೂ ಒಂದೇ. ನಗರ ಸಾರಿಗೆಯ ಬಗ್ಗೆ ನನಗಿರುವ ತಕರಾರೆಲ್ಲ ಹಿರಿಯರ ಆ ಒಂದು ಪ್ರಶ್ನೆಯಲ್ಲೇ ಇದೆ. ಬಸ್ಸು ಹೆಚ್ಚಿತು, ರೈಲು ಬಂತು, ಪ್ರಯಾಣ ಮಾತ್ರ ತುಂಡಾಯಿತು.

ಸ್ವಲ್ಪ ಹಿಂದಿನಿಂದ ಬರೋಣ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡಿದ್ದು 1898ರ ಪ್ಲೇಗಿನ ಹೊಡೆತದ ಮೇಲೆ. ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ ಬೆಳಕಿನ ಕಡೆ ಬಂದ ಜನರ ಅಂಗಡಿ, ಕಚೇರಿ, ಕೋರ್ಟು ಮಾತ್ರ ಹಳೆಯ ಜಾಗದಲ್ಲೇ ಉಳಿದವು. ಮನೆ ಒಂದು ಕಡೆ, ದುಡಿಮೆ ಒಂದು ಕಡೆ. ನಡುವಿನ ದಾರಿಯನ್ನು ಜಟಕಾ ಗಾಡಿಗಳು, ಸೈಕಲ್ಲುಗಳು, ಆಮೇಲೆ ಖಾಸಗಿ ಬಸ್ಸುಗಳು ತುಂಬಿದವು. ಮದ್ರಾಸಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮು ಓಡುತ್ತಿತ್ತು. ಬೊಂಬಾಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲೇ ಶುರುವಾಗಿತ್ತು. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬಂದರೂ ಟ್ರಾಮು ಮಾತ್ರ ಬರಲೇ ಇಲ್ಲ. ಆಗ ಊರೇ ಎರಡಾಗಿತ್ತು. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರದು. ಎರಡು ಮುನಿಸಿಪಾಲಿಟಿಗಳು ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಊರು ಒಂದಾಗುವ ಮೊದಲೇ ಬಸ್ಸು ಒಂದಾಗಿತ್ತು ಎನ್ನಬೇಕು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ 1940ರಲ್ಲಿ 98 ಬಸ್ಸುಗಳೊಂದಿಗೆ ಹುಟ್ಟಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ‘ಕಂಪನಿ’ ಹೋಗಿ ‘ಸರ್ವೀಸ್’ ಬಂತು, ಬಿಟಿಸಿ ಹೋಗಿ ಬಿಟಿಎಸ್ ಆಯಿತು. 1961ರ ಅಕ್ಟೋಬರ್ 1ರಂದು ಅದನ್ನು ಆಗಷ್ಟೇ ಹುಟ್ಟಿದ್ದ ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ ಸೇರಿಸಿದರು. 1997ರ ಆಗಸ್ಟ್ 15ರಂದು ಮತ್ತೆ ಬೇರೆ ಮಾಡಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಎಂದು ಹೆಸರಿಟ್ಟರು. ಒಟ್ಟು ಕುಟುಂಬಕ್ಕೆ ಸೇರಿ, ಮತ್ತೆ ಪಾಲಾಗಿ ಹೊರಬಂದ ಕಥೆ. ಡಬ್ಬಲ್ ಡೆಕ್ಕರುಗಳು ಮಾಯವಾದದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಮಹಡಿಯ ಮುಂದಿನ ಸೀಟಿಗಾಗಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕಾದ ನನ್ನ ವಯಸ್ಸಿನವರಿಗೆ ಆ ಪಾಲಿನಲ್ಲಿ ಕಳೆದುಹೋದ ಆಸ್ತಿ ಅದೊಂದೇ.

ಈಗ ನಂಬರುಗಳ ಗುಟ್ಟು. ಬೆಂಗಳೂರಿನ ಬಸ್ ನಂಬರು ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಮೈಸೂರು ರಸ್ತೆಯಲ್ಲಿ ಬಿಡದಿಗೆ 226, ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ 258, ಯಲಹಂಕ, ದೊಡ್ಡಬಳ್ಳಾಪುರದ ಕಡೆಗೆ 285, ಹೊಸಕೋಟೆಗೆ 317, ಕಾಡುಗೋಡಿ ಕಡೆಗೆ 335, ಸರ್ಜಾಪುರಕ್ಕೆ 342, ಹೊಸೂರು ರಸ್ತೆಗೆ 356, ಬನ್ನೇರುಘಟ್ಟಕ್ಕೆ 365. ನಕ್ಷೆಯ ಮೇಲೆ ಬೆರಳಿಟ್ಟು ನೋಡಿ: ನೈಋತ್ಯದಿಂದ ಹೊರಟು ಪಶ್ಚಿಮ, ಉತ್ತರ, ಪೂರ್ವ ಸುತ್ತಿ ದಕ್ಷಿಣಕ್ಕೆ ಬಂದು ನಿಂತಿತು. ನಂಬರುಗಳು ಊರಿಗೆ ಪ್ರದಕ್ಷಿಣೆ ಹಾಕುತ್ತವೆ! ಬರಿಯ ಒಂದಂಕಿ, ಎರಡಂಕಿಯ ನಂಬರುಗಳು ಗರ್ಭಗುಡಿಯವು. ಶ್ರೀನಗರ, ಹನುಮಂತನಗರದ ಕಡೆಯಿಂದ ಮೆಜೆಸ್ಟಿಕ್ಕಿಗೆ 10ಎ, ಅದರ ಪಕ್ಕದಲ್ಲಿ ನಮ್ಮ 11. 10ಎ ಬಸ್ಸಿನಲ್ಲಿ ಒಂದು ಕಾಲಕ್ಕೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ಶಿವಾಜಿರಾವ್ ಗಾಯಕ್‌ವಾಡ್. ಆಮೇಲೆ ಮದರಾಸಿಗೆ ಹೋಗಿ ರಜನೀಕಾಂತ್ ಆದವರು. 2023ರ ಆಗಸ್ಟಿನಲ್ಲಿ ಅವರು ಜಯನಗರದ ಡಿಪೊಗೆ ದಿಢೀರನೆ ಬಂದು ಹಳೆಯ ಜಾಗ ನೋಡಿಹೋದರು. ಆ ದಿನ ಅಲ್ಲಿದ್ದ ಸಿಬ್ಬಂದಿಯ ಫೋಟೊಗಳು ಎಷ್ಟು ಮನೆಗಳ ಗೋಡೆ ಸೇರಿರಬಹುದೋ.

ಊರು ಹೊರಕ್ಕೆ ಹಬ್ಬಿದ ಹಾಗೆ ಮೂರಂಕಿಯ ನಂಬರುಗಳೇ ಮುಖ್ಯವಾದವು. ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ಗುಂಬದ ಹಾಗೆ ಮೆಜೆಸ್ಟಿಕ್ ನಿಂತಿತು. ಕೆಂಪೇಗೌಡರ ಧರ್ಮಾಂಬುಧಿ ಕೆರೆ ಬತ್ತಿ, ಮೈದಾನವಾಗಿ, ಆ ಅಂಗಳದಲ್ಲಿ ಎದ್ದ ನಿಲ್ದಾಣ ಅದು. ಹೆಸರು ಹತ್ತಿರದಲ್ಲಿದ್ದ ಚಿತ್ರಮಂದಿರದ್ದು. ಎಲ್ಲ ಬಸ್ಸೂ ಒಂದೇ ಕಡೆ ಬಂದರೆ ಸಂಸ್ಥೆಗೆ ಅನುಕೂಲ. ಶೆಡ್ಯೂಲು ಹಾಕುವುದು ಸುಲಭ, ಬಸ್ಸೂ ಖಾಲಿ ಹೋಗುವುದಿಲ್ಲ. ಪ್ರಯಾಣಿಕನಿಗೆ ಮಾತ್ರ ಅಲ್ಲಿ ಇಳಿದು, ಪ್ಲಾಟ್‌ಫಾರಂ ಹುಡುಕಿ, ಮತ್ತೆ ಹತ್ತುವ ಕೆಲಸ. ಆಮೇಲೆ ಬಂದ 500ರ ಸರಣಿಯ ವರ್ತುಲ ರಸ್ತೆಯ ಬಸ್ಸುಗಳು ಊರಿನ ಒಳಕ್ಕೇ ಬರುವುದಿಲ್ಲ. ಹೆಬ್ಬಾಳದವರು ಸಿಲ್ಕ್ ಬೋರ್ಡಿಗೆ ಇಳಿಯದೆ ಹೋಗಬಹುದು, ಬಸವನಗುಡಿಯವರು ಮಲ್ಲೇಶ್ವರಕ್ಕೆ ಇಳಿದು ಹತ್ತಿ ಹೋಗಬೇಕು. ಗರ್ಭಗುಡಿಯ ದೇವರಿಗೇ ದರ್ಶನವಿಲ್ಲದ ಹಾಗಾಯಿತು.

ಇಳಿದು ಹತ್ತುವುದರ ನಿಜವಾದ ಬೆಲೆ ಇರುವುದು ‘ಸ್ಟೇಜ್’ ಎಂಬ ಲೆಕ್ಕದಲ್ಲಿ. ಬಸ್ಸಿನ ದಾರಿಯನ್ನು ಸುಮಾರು ಎರಡೆರಡು ಕಿಲೋಮೀಟರಿನ ಸ್ಟೇಜುಗಳಾಗಿ ಕತ್ತರಿಸಿರುತ್ತಾರೆ. ಮೊದಲ ಸ್ಟೇಜಿಗೆ ಕನಿಷ್ಠ ದರ, 2025ರ ಜನವರಿಯ ಏರಿಕೆಯ ಮೇಲೆ ಸಾಮಾನ್ಯ ಬಸ್ಸಿನಲ್ಲಿ 6 ರೂಪಾಯಿ. ದೂರ ಹೋದ ಹಾಗೆ ದರ ಏರುತ್ತದೆ, ಆದರೆ ಏರುವ ವೇಗ ಕಡಿಮೆಯಾಗುತ್ತ ಹೋಗುತ್ತದೆ. ಬಸ್ಸು ಬದಲಾಯಿಸಿದಿರೋ, ಲೆಕ್ಕ ಮತ್ತೆ ಮೊದಲ ಸ್ಟೇಜಿನಿಂದ ಶುರು. ಮೆಟ್ರೊ ಹತ್ತಿದರೆ ಅಲ್ಲಿಯದೇ ಬೇರೆ ಲೆಕ್ಕ, ಕನಿಷ್ಠ 10 ರೂಪಾಯಿ. ಇಳಿದು ಮತ್ತೊಂದು ಬಸ್ಸು ಹಿಡಿದರೆ ಇನ್ನೊಂದು 6. ದೂರಕ್ಕೆ ದುಡ್ಡು ಕೊಡುವುದು ಸರಿಯೇ. ನಾವು ಕೊಡುತ್ತಿರುವುದು ಇಳಿದು ಹತ್ತಿದ್ದಕ್ಕೆ ದಂಡ.

ಹಳೆಯ ಕಂಡಕ್ಟರುಗಳು ಈ ಚಿಲ್ಲರೆ ಲೋಕವನ್ನು ನಿಭಾಯಿಸುತ್ತಿದ್ದ ರೀತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಬಾಕಿ ಮೊತ್ತ ಬರೆದು ಸುತ್ತಲೂ ಒಂದು ಗೆರೆ ಎಳೆದುಕೊಡುತ್ತಿದ್ದರು. ಬೆರಳಷ್ಟು ಉದ್ದದ ಆ ಕಾಗದವೇ ಪ್ರಾಮಿಸರಿ ನೋಟು. ಇಳಿಯುವ ಸ್ಟಾಪು ಹತ್ತಿರ ಬಂದಂತೆ ಎಲ್ಲರ ಕಣ್ಣೂ ಚರ್ಮದ ಚೀಲದ ಮೇಲೆ. ಕೊನೆಗೆ ಇಬ್ಬರು ಅಪರಿಚಿತರ ಬಾಕಿಗೆ ಸೇರಿಸಿ ಒಂದೇ ನೋಟು ಕೊಟ್ಟು, ‘ಕೆಳಗಿಳಿದು ಹಂಚ್ಕೊಳ್ಳಿ’ ಎಂದು ‘ರೈಟ್’ ಕೊಟ್ಟರೆ ಮುಗಿಯಿತು. ಇಬ್ಬರೂ ಚಿಲ್ಲರೆಗಾಗಿ ಪಕ್ಕದ ಹೋಟೆಲಿಗೆ ಹೋಗಿ ಬೈಟು ಕಾಫಿ ಕುಡಿದು ಸ್ನೇಹಿತರಾದದ್ದೂ ಉಂಟು. ಈಗ ಬಸ್ಸಿನೊಳಗೆ ಕ್ಯೂಆರ್ ಕೋಡು ತೂಗುತ್ತದೆ, ಟಿಕೆಟ್ಟು ಮೆಷಿನ್ನಿನಿಂದ ಕರ್ ಎಂದು ಬರುತ್ತದೆ. ಒಳ್ಳೆಯದೇ. ಬಾಕಿ ಮೂರು ರೂಪಾಯಿಯ ಆತಂಕದಲ್ಲಿ ಕಿಟಕಿಯ ಹೊರಗಿನ ಲಾಲ್‌ಬಾಗು ಕಾಣದೆ ಹೋದ ದಿನಗಳು ಬೇಕೆಂದು ಯಾರೂ ಅಳುವುದಿಲ್ಲ.

ಅಕ್ಕನ ಶೂನ್ಯ ಟಿಕೆಟ್ಟಿಗೆ ಬರುತ್ತೇನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ‘ಹೇಗೂ ಫ್ರೀ, ಟಿಕೆಟ್ ಯಾಕೆ’ ಎಂದು ಕೆಲವರು ಕಂಡಕ್ಟರ ಮೇಲೆ ರೇಗುತ್ತಾರೆ. ಆ ಟಿಕೆಟ್ಟೇ ಸಂಸ್ಥೆಯ ಬಿಲ್ಲು. ಎಷ್ಟು ಶೂನ್ಯ ಟಿಕೆಟ್ಟು ಹರಿಯಿತು, ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕದ ಮೇಲೆ ಸರ್ಕಾರ ಸಂಸ್ಥೆಗೆ ಹಣ ತುಂಬಿಕೊಡಬೇಕು. ಟಿಕೆಟ್ ಬೇಡ ಎಂದರೆ ಬಸ್ಸಿನ ಡೀಸೆಲ್ಲಿಗೇ ಕತ್ತರಿ.

ಈ ಯೋಜನೆಯ ಬಗ್ಗೆ ಪರ ವಿರೋಧ ಮಾತು ಬೇಕಾದಷ್ಟಾಗಿದೆ, ನಾನು ಸೇರಿಸುವುದಿಲ್ಲ. ಒಂದು ಸಂಗತಿ ಮಾತ್ರ ಆ ಗಲಾಟೆಯಲ್ಲಿ ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ. ಬೆಂಗಳೂರಿನ ಹೆಂಗಸರಿಗೆ ಇಳಿದು ಹತ್ತುವ ದಂಡ ಒಂದೇ ದಿನದಲ್ಲಿ ರದ್ದಾಯಿತು. ಮಾರ್ಕೆಟ್ಟಿನಲ್ಲಿ ಇಳಿದು ಹೂವು ಕೊಂಡು, ಚಾಮರಾಜಪೇಟೆಯಲ್ಲಿ ಇಳಿದು ತಂಗಿಯ ಮನೆಗೆ ಹಣಕಿ, ಮತ್ತೊಂದು ಬಸ್ಸು ಹತ್ತಿ ಮನೆಗೆ ಬರುವುದು ಅಕ್ಕನಿಗೆ ಈಗ ಲೆಕ್ಕದ ಪ್ರಶ್ನೆಯೇ ಅಲ್ಲ. ಯಾವ ಬಸ್ಸು ಮೊದಲು ಬರುತ್ತದೋ ಅದನ್ನು ಹತ್ತುತ್ತಾಳೆ. ಅಧಿಕಾರಿಗಳು ಸಮ್ಮೇಳನಗಳಲ್ಲಿ ಸಮಗ್ರ ಟಿಕೆಟ್ ವ್ಯವಸ್ಥೆ ಎಂದು ಕರೆಯುವ ಕನಸು ಅರ್ಧ ಊರಿಗೆ ಹೀಗೆ ಹಿತ್ತಲ ಬಾಗಿಲಿಂದ ಬಂದುಬಿಟ್ಟಿದೆ. ಅದು ಮೆಟ್ರೊ ಗೇಟಿನ ಮುಂದೆ ಮುಗಿಯುತ್ತದೆ, ವೋಲ್ವೊ ಬಾಗಿಲಲ್ಲೂ ಮುಗಿಯುತ್ತದೆ.

ವೋಲ್ವೊ ಎಂದಾಗ ಒಂದು ತಮಾಷೆ ನೆನಪಾಗುತ್ತದೆ. 2006ರ ಹೊತ್ತಿಗೆ ನಮ್ಮ ರಸ್ತೆಗಿಳಿದ ಆ ತಣ್ಣನೆಯ ಕೆಂಪು ಬಸ್ಸುಗಳು, ಆಮೇಲೆ ವಜ್ರ, ವಾಯು ವಜ್ರ ಎಂದು ಹೆಸರಾದವು, ತಯಾರಾಗುವುದು ಇಲ್ಲೇ ಹೊಸಕೋಟೆಯಲ್ಲಿ. ಕಂಪನಿಯ ತವರು ಸ್ವೀಡನ್ನಿನ ಗೊತೆನ್‌ಬರ್ಗ್. ಆ ಊರಿನಲ್ಲಿ 1879ರಿಂದ ಟ್ರಾಮು ಇದೆ, ನಡುವೆ ನದಿ, ನದಿಯ ಮೇಲೆ ದೋಣಿಗಳು, ಜೊತೆಗೆ ಬಸ್ಸು. ಎಲ್ಲಕ್ಕೂ ವೆಸ್ಟ್‌ಟ್ರಾಫಿಕ್ ಎಂಬ ಪ್ರಾದೇಶಿಕ ಸಂಸ್ಥೆಯ ಒಂದೇ ಟಿಕೆಟ್ಟು. ತೊಂಬತ್ತು ನಿಮಿಷದೊಳಗೆ ಟ್ರಾಮಿನಿಂದ ಇಳಿದು ದೋಣಿ ಹತ್ತಿ, ಆಚೆ ದಡದಲ್ಲಿ ಬಸ್ಸು ಹಿಡಿದರೂ ಹೊಸ ಟಿಕೆಟ್ ಬೇಡ. ವಾಹನ ಯಾರದು, ಚಾಲಕನಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದು ಪ್ರಯಾಣಿಕನ ತಲೆನೋವಲ್ಲ. ನಾವು ಆ ಊರಿನ ಕಂಪನಿಯ ಬಸ್ಸು ತಂದೆವು, ಟಿಕೆಟ್ಟು ತರುವುದನ್ನು ಮರೆತೆವು.

ಅದು ಶ್ರೀಮಂತ ದೇಶದ ಮಾತಾಯಿತು ಎನ್ನುವವರಿಗೆ ಸಿಗಂದೂರಿನ ಲಾಂಚು ನೆನಪಿಸುತ್ತೇನೆ. ಶರಾವತಿ ಹಿನ್ನೀರಿನ ಅಂಬಾರಗೋಡ್ಲುವಿನಲ್ಲಿ ನಮ್ಮನ್ನೆಲ್ಲ ಹೊತ್ತ ಬಸ್ಸೇ ಲಾಂಚು ಹತ್ತುತ್ತಿತ್ತು. ಕಳಸವಳ್ಳಿಯ ದಡದಲ್ಲಿ ಇಳಿದು ಮತ್ತೆ ರಸ್ತೆ ಹಿಡಿಯುತ್ತಿತ್ತು. ನೀರಿನ ಇಲಾಖೆ ಬೇರೆ, ರಸ್ತೆಯ ಬಸ್ಸು ಬೇರೆ, ಆದರೂ ಪ್ರಯಾಣ ಒಂದೇ. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಬಸ್ಸು ನೀರು ಹತ್ತುವ ಆ ನೋಟ ಇಲ್ಲ. ಸೇತುವೆ ಬೇಕಿತ್ತು, ಅನುಮಾನವಿಲ್ಲ. ಕಾಡಿನ ನಡುವೆ ಎರಡು ವ್ಯವಸ್ಥೆಗಳು ಒಂದನ್ನೊಂದು ಹೊತ್ತು ಸಾಗಿಸಬಲ್ಲವಾದರೆ ರಾಜಧಾನಿಯಲ್ಲಿ ಯಾಕಾಗದು ಎಂಬುದಷ್ಟೇ ನನ್ನ ಕೇಳ್ವಿ.

ರಾಜಧಾನಿಯಲ್ಲಿ ಆಗಿರುವುದು ಹೀಗೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆಯಿಂದ ನೆಲದಡಿ ಇಳಿದು ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜಿನ ಬಳಿ ಏಳುವ ಭಾಗ 2017ರ ಜೂನ್‌ನಲ್ಲಿ ತೆರೆಯಿತು. ಹನ್ನೊಂದನೇ ನಂಬರಿನ ಜಾತಕವೇ ಇದು: ಮಲ್ಲೇಶ್ವರ, ಪೇಟೆ, ಬಸವನಗುಡಿ. ದಶಕಗಳ ಹಿಂದೆ ಬಸ್ಸು ಹಿಡಿದ ಜಾಡನ್ನೇ ಸಾವಿರಾರು ಕೋಟಿಯ ಸುರಂಗ ಹಿಡಿಯಿತು ಎಂದರೆ ಹಳೆಯ ರೂಟು ಹಾಕಿದವರಿಗೆ ಊರಿನ ನಾಡಿ ಗೊತ್ತಿತ್ತು ಎಂದಾಯಿತು. ಆದರೆ ಬಸ್ಸು ಬೀದಿ ಬೀದಿಯಲ್ಲಿ ನಿಲ್ಲುತ್ತಿತ್ತು, ರೈಲು ನಿಲ್ಲುವುದು ಐದೇ ಕಡೆ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ಗಾಂಧಿ ಬಜಾರಿಗೆ ಹದಿನೈದು ನಿಮಿಷದ ನಡಿಗೆ. ದೊಡ್ಡ ಗಣಪತಿ ಗುಡಿಗೆ ಇನ್ನೂ ಹೆಚ್ಚು. ಸಂಪಿಗೆ ರಸ್ತೆ ಸ್ಟೇಷನ್ನಿನಿಂದ ಹದಿನೆಂಟನೇ ಕ್ರಾಸು ಎಂದರೆ ಎಂಬತ್ತರ ಅಜ್ಜಿಗೆ ಬೇರೆ ಊರು. ಚಾಮರಾಜಪೇಟೆಯಲ್ಲಂತೂ ಮಾರ್ಕೆಟ್ ಸ್ಟೇಷನ್ನಿನಿಂದ ಮೇಲೆ ಬಂದು, ಬಿದಿರು ಬುಟ್ಟಿ, ತಳ್ಳುಗಾಡಿ, ಆಟೊಗಳ ನಡುವೆ ನುಸುಳಿ ಸಾಹಿತ್ಯ ಪರಿಷತ್ತಿನವರೆಗೆ ನಡೆದವರಿಗೆ ಒಂದು ಪ್ರಶಸ್ತಿ ಕೊಟ್ಟರೂ ತಪ್ಪಿಲ್ಲ.

ಈ ನಡುವಿನ ಒಂದೂವರೆ ಕಿಲೋಮೀಟರು ಆಟೊದವರ ರಾಜ್ಯ. ಮೆಟ್ರೊಗೆ ಕೊಟ್ಟ ದುಡ್ಡಿನ ಎರಡು ಪಟ್ಟು ಆಟೊಗೆ ಕೊಟ್ಟು ಮನೆ ಸೇರುವವರನ್ನು ನಾನು ದಿನವೂ ನೋಡುತ್ತೇನೆ. ಮೆಟ್ರೊ ಫೀಡರ್ ಬಸ್ಸುಗಳು ಇಲ್ಲವೆಂದಲ್ಲ, ಹೊರವಲಯದಲ್ಲಿ ಎಂಎಫ್ ಎಂಬ ಬೋರ್ಡಿನೊಂದಿಗೆ ಓಡುತ್ತವೆ. ಹಳೆಯ ಬಡಾವಣೆಗಳಿಗೆ ಅವು ಬೇಕಿಲ್ಲ ಎಂಬ ಭಾವನೆ ಇದ್ದ ಹಾಗಿದೆ. ಇಲ್ಲಿಯ ವಯಸ್ಸಾದ ಜನಕ್ಕೇ ಅವು ಹೆಚ್ಚು ಬೇಕು.

ಬಸ್ಸಿನೊಳಗೂ ಈಗ ಎರಡು ಮನೆ. ಈಚೆಗೆ ಬರುತ್ತಿರುವ ಸದ್ದಿಲ್ಲದ ವಿದ್ಯುತ್ ಬಸ್ಸುಗಳಲ್ಲಿ ಬಸ್ಸೂ ಚಾಲಕನೂ ಖಾಸಗಿ ಕಂಪನಿಯವರು, ಕಂಡಕ್ಟರು ಸಂಸ್ಥೆಯವರು. ಕಂಪನಿಗೆ ಓಡಿಸಿದ ಕಿಲೋಮೀಟರಿಗೆ ಇಷ್ಟೆಂದು ಹಣ. 1940ರ ಖಾಸಗಿ ಕಂಪನಿ ಎಂಬತ್ತು ವರ್ಷದ ಮೇಲೆ ಮುಂದಿನ ಬಾಗಿಲಿಂದ ಹತ್ತಿ ಸ್ಟೀರಿಂಗು ಹಿಡಿದಿದೆ ಎಂದು ನನಗನ್ನಿಸುತ್ತದೆ. ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳ ಸಂಸ್ಥೆಯಲ್ಲಿ ಇಂಥ ಏರ್ಪಾಡು ಅನಿವಾರ್ಯವಿರಬಹುದು. ಆದರೆ ಇಷ್ಟೊಂದು ಕೈ ಸೇರಿದ ಮೇಲೆ ಎಲ್ಲವನ್ನೂ ಒಂದು ಟಿಕೆಟ್ಟಿಗೆ ಕಟ್ಟುವ ಯಜಮಾನರೊಬ್ಬರು ಬೇಕು.

ಆ ಯಜಮಾನಿಕೆಗೆ ಕಾನೂನೂ ಆಗಿದೆ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಎಂಬುದನ್ನು 2022ರ ಕಾಯ್ದೆಯಿಂದ ಕಟ್ಟಿದರು, ಅಧ್ಯಕ್ಷರು ಮುಖ್ಯಮಂತ್ರಿಗಳೇ. ಬಸ್ಸು, ಮೆಟ್ರೊ, ರಸ್ತೆ ಎಲ್ಲವನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ಅದರ ಕೆಲಸ. ಮೆಟ್ರೊ ಗೇಟಿನಲ್ಲಿ ದೇಶಕ್ಕೆಲ್ಲ ಒಂದೇ ಆದ ಸಂಚಾರ ಕಾರ್ಡನ್ನು ತಾಗಿಸುವ ಸೌಕರ್ಯ 2023ರಿಂದ ಇದೆ. ಬಸ್ಸಿಗೆ ದಿನದ ಪಾಸು ಎಂಬ ಒಳ್ಳೆಯ ಹಳೆಯ ಪದ್ಧತಿ ಇದೆ, ಈಗ 80 ರೂಪಾಯಿ. ಸಾಮಾನು ಎಲ್ಲ ಅಡುಗೆಮನೆಯಲ್ಲಿದೆ, ಒಲೆ ಹಚ್ಚುವವರಿಲ್ಲ. ಒಂದು ಗಂಟೆಯೊಳಗೆ ಬಸ್ಸಿನಿಂದ ಮೆಟ್ರೊಗೆ, ಮೆಟ್ರೊದಿಂದ ಬಸ್ಸಿಗೆ ಬದಲಾಯಿಸಿದರೆ ಎರಡನೆಯದರಲ್ಲಿ ಕನಿಷ್ಠ ದರ ಕೇಳಬೇಡಿ. ಮೊದಲಿಗೆ ಇಷ್ಟು ಸಾಕು, ಸುರಂಗ ಅಗೆಯಬೇಕಿಲ್ಲ.

ಇನ್ನೊಂದು ಕೋರಿಕೆಯೂ ಉಂಟು. ಗಾಂಧಿ ಬಜಾರಿನ ಮುಖ್ಯ ರಸ್ತೆಗೆ ಈಚೆಗೆ ಕಲ್ಲು ಹಾಸಿ ಪಾದಚಾರಿಗಳಿಗೆ ಜಾಗ ಬಿಟ್ಟಿದ್ದಾರೆ. ನಡೆಯಲು ಚೆನ್ನಾಗಿದೆ, ಆದರೆ ನಡೆಯಲಾರದವರೂ ಇಲ್ಲಿದ್ದಾರೆ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ಹೊರಟು ಗಾಂಧಿ ಬಜಾರು, ಬಸವಣ್ಣನ ಗುಡಿ, ಎನ್.ಆರ್. ಕಾಲೊನಿ, ಚಾಮರಾಜಪೇಟೆ ಸುತ್ತಿ ಮಾರ್ಕೆಟ್ ಸ್ಟೇಷನ್ನಿಗೆ ಮುಟ್ಟುವ ಚಿಕ್ಕ ಬಸ್ಸು, ಅತ್ತ ಸಂಪಿಗೆ ರಸ್ತೆ ಸ್ಟೇಷನ್ನಿನಿಂದ ಹದಿನೆಂಟನೇ ಕ್ರಾಸಿಗೆ ಹೋಗಿ ಬರುವ ಇನ್ನೊಂದು, ಹತ್ತು ನಿಮಿಷಕ್ಕೊಮ್ಮೆ ಬರಲಿ. ಬೋರ್ಡಿನ ಮೇಲೆ ಹನ್ನೊಂದು ಎಂದೇ ಬರೆಯಿರಿ. ಮುಂದಿನ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಮಲ್ಲೇಶ್ವರದ ನೆಂಟರು ಬರುತ್ತಾರೆ. ಅಷ್ಟರೊಳಗೆ ಆದರೆ ಅನುಕೂಲ.